ಅಂಗುಲಕ್ಕೆ ಹತ್ತು

ಮೇಲಿನಿಂದ ಮೂರನೆಯ ಗುಂಡಿಗೆ ಬಂದಾಗ ಕಾರ್ನಿಯ ಕೈ ನಿಂತಿತು. ಎಲ್ಫ್ರೀಡಾ ಅಡುಗೆಮನೆಯ ಕಿಟಕಿಯತ್ತ ಮುಖ ಮಾಡಿ, ಎರಡೂ ತೋಳು ಇಳಿಬಿಟ್ಟು ನಿಂತಿದ್ದಳು. ಗುಂಡಿ ಚಿಕ್ಕದು, ಕಾಜಾ ಬಿಗಿ. ಗಂಡನ ಬಲಗೈಯ ತೋರುಬೆರಳು ಇಪ್ಪತ್ತೊಂಬತ್ತು ವರ್ಷದ ಹಿಂದೆ ಕಣಜಕ್ಕೆ ಕಾಳು ಏರಿಸುವ ಯಂತ್ರಕ್ಕೆ ಸಿಕ್ಕಿ ಅರ್ಧವಾಗಿತ್ತು. ಆ ಅರ್ಧ ಬೆರಳಿನಿಂದ ಅವನು ಗುಂಡಿಯನ್ನು ಕಾಜಾದ ಬಾಯಿಗೆ ತಂದು, ಹೆಬ್ಬೆರಳಿನಿಂದ ತಳ್ಳಿ, ಆಚೆ ಬಂತೇ ಎಂದು ಬಗ್ಗಿ ನೋಡುತ್ತಿದ್ದ. ಅವನ ಉಸಿರಿನಲ್ಲಿ ಕಾಫಿ ಇತ್ತು. ಕಾಫಿ ಎಂದು ಅವಳಿಗೆ ಗೊತ್ತಿತ್ತು ಅಷ್ಟೆ. ಮೂಗಿಗೆ ಬರುತ್ತಿದ್ದುದು ತಗಡಿನ ವಾಸನೆ. ಹೊರಗೆ ರಸ್ತೆಬದಿಯ ಕಾಲುವೆಯಲ್ಲಿ ಕೊನೆಯ ಹಿಮ ಬೂದಿಯ ಬಣ್ಣಕ್ಕೆ ತಿರುಗಿ ಕೂತಿತ್ತು. ನಲವತ್ತೊಂದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಹೆಂಡತಿಯ ಗುಂಡಿ ಬಿಚ್ಚಿದ್ದು ಕತ್ತಲಲ್ಲಿ, ಹಾಕುತ್ತಿರುವುದು ಬೆಳಕಿನಲ್ಲಿ, ಎಂದು ಅವಳಿಗೆ ಅನ್ನಿಸಿತು. ಹಿಂದೆ ಇಂಥದ್ದು ಹೊಳೆದಿದ್ದರೆ ನಗು ಬರುತ್ತಿತ್ತು. "ಆಯ್ತು" ಎಂದು ಕಾರ್ನಿ ಹಿಂದೆ ಸರಿದ. ಅವನ ಬೆರಳು ಎದೆಯ ಮೇಲೆ ಇದ್ದದ್ದು, ಈಗ ಇಲ್ಲದ್ದು, ಎರಡೂ ಕಣ್ಣಿನಿಂದಲೇ ತಿಳಿಯಬೇಕಾಗಿತ್ತು.

ಉಳಿದ ದಿನ ಅವಳು ತಲೆಯ ಮೇಲಿಂದ ಎಳೆದುಕೊಳ್ಳುವ ಸ್ವೆಟರ್ ತೊಡುತ್ತಿದ್ದಳು. ಎರಡು ವಾರಕ್ಕೊಮ್ಮೆ, ಕೀಮೋದ ಹಿಂದಿನ ದಿನ ಬರುವ ಮಂಗಳವಾರ ಮಾತ್ರ ಈ ನೀಲಿ ಗುಂಡಿಯದು. ಆ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಊರಿನ ಆಸ್ಪತ್ರೆಯಿಂದ ನರ್ಸ್ ಜೋಲೀನ್ ಫೋನ್ ಮಾಡಿ ಒಂದು ಪಟ್ಟಿ ಓದುತ್ತಾಳೆ. ಜ್ವರ ಬಂದಿತ್ತೇ, ಬಾಯಲ್ಲಿ ಹುಣ್ಣು ಎದ್ದಿದೆಯೇ, ಭೇದಿ ದಿನಕ್ಕೆ ಎಷ್ಟು ಸಲ. ಕೊನೆಯಲ್ಲಿ, ಕೈಬೆರಳು ಜೋಮುಗಟ್ಟಿದೆಯೇ, ಗುಂಡಿ ಹಾಕಿಕೊಳ್ಳಲು ಕಷ್ಟವೇ. ಎಲ್ಫ್ರೀಡಾ ಸುಳ್ಳು ಹೇಳುವವಳಲ್ಲ. ಅವಳ ಚರ್ಚಿನ ಪಂಗಡದವರು ಕೋರ್ಟಿನಲ್ಲಿ ಕೂಡ ಆಣೆ ಇಡುವುದಿಲ್ಲ. ಆಡುವ ಮಾತೆಲ್ಲ ನಿಜವೇ ಆಗಿರಬೇಕಾದಾಗ ಯಾವುದೋ ಒಂದು ಮಾತಿಗೆ ಮಾತ್ರ ಆಣೆ ಏಕೆ ಎಂಬುದು ಅವರ ಪ್ರಶ್ನೆ. ಹಾಗಾಗಿ ಈಸ್ಟರ್ ಕಳೆದ ಮುಂದಿನ ವಾರ, ಸ್ವೆಟರಿನ ಅಂಚು ಹಿಡಿದುಕೊಂಡು ಕಾಲು ಗಂಟೆ ಕನ್ನಡಿಯ ಮುಂದೆ ನಿಂತಿದ್ದ ದಿನ, ಕಾರ್ನಿ ಕಾಫಿಯ ಲೋಟ ಕೆಳಗಿಟ್ಟು ಬಂದು ಗುಂಡಿ ಹಾಕಿಕೊಟ್ಟ ಮೇಲೆ, ಅವಳು ಜೋಲೀನ್‌ಗೆ ಹೇಳಿದ್ದು ಇಷ್ಟೇ: ಗುಂಡಿ ಎಲ್ಲಾ ಹಾಕಿದೆ. ನಿಜ. ಎರಡು ವಾರದ ಮೇಲೆ ಇನ್ನೊಮ್ಮೆ ಅದನ್ನೇ ಹೇಳಿದಳು. ಅದೂ ನಿಜ. ಆಚೆಗೆ ಜೋಲೀನ್ ಪೆನ್ನಿನಿಂದ ಗುರುತು ಹಾಕುವ ಸದ್ದು ಕೇಳಿಸಿತ್ತು.

ಜೋಮು ಹೆಚ್ಚಿದರೆ ಹೇಳಬೇಕು ಎಂದು ವಿನ್ನಿಪೆಗ್ ನಗರದ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಹೇಳಿದರೆ ಎರಡು ಔಷಧಿಯಲ್ಲಿ ಜೋಮು ತರುವ ಎರಡನೆಯದನ್ನು ನಿಲ್ಲಿಸುತ್ತೇವೆ, ಹೇಳದೆ ಮುಂದುವರಿಸಿದರೆ ಬೆರಳಿಗೆ ಮತ್ತೆ ಸ್ಪರ್ಶ ಬಾರದೆಯೂ ಹೋಗಬಹುದು. ಅದಕ್ಕೂ ಮುಂಚೆ ಅವರು ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸಿದ್ದರು. ಅದರಲ್ಲಿ ನೂರು ಪುಟ್ಟ ಮುಖಗಳಿದ್ದವು. ಕರುಳಿನ ಗೆಡ್ಡೆ ಕತ್ತರಿಸಿದ ಮಾತ್ರಕ್ಕೇ ಉಳಿಯುವವರಿಗೆ ಹಸಿರು, ಮೊದಲ ಔಷಧಿಯಿಂದ ಉಳಿಯುವವರಿಗೆ ಹಳದಿ, ಈ ಎರಡನೆಯ ಔಷಧಿಯಿಂದ ಉಳಿಯುವವರಿಗೆ ನೀಲಿ. ಡಾಕ್ಟರು ಇನ್ನೇನೋ ವಿವರಿಸುತ್ತಿದ್ದಾಗ ಅವಳು ನೀಲಿಯನ್ನು ಎಣಿಸಿದ್ದಳು. ಆರು. ಬಣ್ಣವೇ ಇಲ್ಲದ ಮುಖಗಳನ್ನು ಎಣಿಸಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಾರ್ನಿ ಕಾರನ್ನು ಬದಿಗೆ ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಒತ್ತಿ ಅತ್ತಾಗ ಅವಳಿಗೆ ನೆಲಮಾಳಿಗೆಯ ಆಲೂಗಡ್ಡೆ ಮೊಳಕೆ ಬಂದಿರಬಹುದೆಂಬ ಯೋಚನೆ ಬಂತು. ಅವನ ಬೆನ್ನ ಮೇಲೆ ಕೈ ಇಡಬೇಕು ಅನ್ನಿಸಿತು, ಇಟ್ಟಳು, ಎಷ್ಟು ಹೊತ್ತು ಇಟ್ಟಿರಬೇಕೆಂದು ತಿಳಿಯಲಿಲ್ಲ. ಹನ್ನೆರಡು ಸುತ್ತಿನಲ್ಲಿ ಎಂಟು ಮುಗಿದಿವೆ. ನಾಳೆ ಒಂಬತ್ತನೆಯದು. ಬೆರಳು ಸಾಯುತ್ತಿದೆಯೆಂದರೆ ಒಳಗೆ ಇನ್ನೊಂದೂ ಸಾಯುತ್ತಿದೆ ಎಂಬ ಲೆಕ್ಕವನ್ನು ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಯಾರಾದರೂ ಕೇಳಿದರೆ ಅದು ಲೆಕ್ಕವೇ ಅಲ್ಲವೆಂದು ಅವಳಿಗೇ ಗೊತ್ತಾಗುತ್ತಿತ್ತು.

ಕಾರಿನ ಬಾಗಿಲು ಮುಟ್ಟುವ ಮೊದಲು ಉಣ್ಣೆಯ ಕೈಗವಸು ಹಾಕಿಕೊಂಡಳು. ತಣ್ಣಗಿರುವುದನ್ನು ಮುಟ್ಟಿದರೆ ಮಾತ್ರ ಈ ಬೆರಳುಗಳಿಗೆ ಜೀವ ಬರುತ್ತದೆ, ಅದೂ ವಿದ್ಯುತ್ ಹೊಡೆದ ಹಾಗೆ. ಫ್ರಿಜ್ಜಿನಿಂದ ಹಾಲು ತೆಗೆಯಲೂ ಕೈಗವಸು. ಮೊದಲ ಸುತ್ತಿನ ಮರುದಿನ ಮರೆತು ನಲ್ಲಿಯ ನೀರು ಕುಡಿದಾಗ ಗಂಟಲು ಮುಚ್ಚಿಕೊಂಡು, ಗಾಜಿನ ಚೂರು ನುಂಗಿದಂತಾಗಿ, ಸಿಂಕನ್ನು ಹಿಡಿದು ನಿಂತಿದ್ದಳು. ಈಗ ನೀರೂ ಬಿಸಿ, ಸೇಬಿನ ರಸವೂ ಬಿಸಿ. ಪಾದಗಳು ಬೇರೆ ಯಾರದೋ ಮರಳು ತುಂಬಿದ ಕಾಲುಚೀಲ ತೊಟ್ಟಂತಿದ್ದವು. ಬ್ರೇಕ್ ಎಲ್ಲಿದೆ ಎಂದು ಕಾಲಿಗೆ ತಿಳಿಯದಾದ ದಿನವೇ ಅವಳು ಕಾರು ಓಡಿಸುವುದನ್ನು ಬಿಟ್ಟಳು. ಹಿಮದ ಮೇಲಿನ ಬಿಸಿಲು ಕಣ್ಣು ಕುಕ್ಕುತ್ತದೆ ಎಂದು ಕಾರ್ನಿಗೆ ಹೇಳಿದಳು. ಬಿಸಿಲು ಕುಕ್ಕುತ್ತಿತ್ತು ಕೂಡ. ಈಗ ಅವನೇ ಬಿಡುತ್ತಾನೆ. ಬೆಲ್ಟು ಎಳೆದು ಕಟ್ಟುವಾಗ ಕೊರಳೆಲುಬಿನ ಕೆಳಗೆ, ಔಷಧಿ ಇಳಿಸಲೆಂದು ಚರ್ಮದಡಿ ಹೂತಿಟ್ಟ ಬಿಲ್ಲೆಯ ಮೇಲೆ ಉಜ್ಜದಂತೆ ಮಡಿಸಿದ ಕರವಸ್ತ್ರವೊಂದನ್ನು ಇಡುತ್ತಾನೆ. ಚರ್ಚಿನ ಮುಂದೆ ಇಳಿಸಿ, "ಹನ್ನೆರಡಕ್ಕೆ ಬರ್ತೀನಿ" ಎಂದ. ಹನ್ನೆರಡಕ್ಕೆ ಬರುತ್ತಾನೆ. ಅವನ ಬಗ್ಗೆ ಹೇಳುವುದಕ್ಕೆ ಅದಕ್ಕಿಂತ ಹೆಚ್ಚು ಅವಳಿಗೆ ಎಂದೂ ಬೇಕಾಗಿರಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಕೌದಿಯ ಚೌಕಟ್ಟು ಅದರ ಜಾಗದಲ್ಲೇ ಇತ್ತು: ನಾಲ್ಕು ಕಾಲಿನ ಮೇಲೆ ಮಲಗಿಸಿದ ಮರದ ಚೌಕ, ಅದರ ಮೇಲೆ ಬಿಗಿದ ಬಿಳಿ ಮತ್ತು ಕಡುನೀಲಿ ನಕ್ಷತ್ರಗಳ ಕೌದಿ, ಸುತ್ತ ಆರು ಕುರ್ಚಿ. ಪ್ರತಿ ಮಂಗಳವಾರ ಇಲ್ಲಿ ಹೊಲಿಯುವ ಕೌದಿ ಜುಲೈ ತಿಂಗಳ ಪರಿಹಾರ ನಿಧಿಯ ಹರಾಜಿಗೆ ಹೋಗುತ್ತದೆ. ನಗರದಿಂದ ಬರುವ ಹೆಂಗಸರು ಮೇಲಿನ ನಕ್ಷತ್ರ ನೋಡುವುದಿಲ್ಲ, ಮಗುಚಿ ಹಿಂಬದಿ ನೋಡುತ್ತಾರೆ, ಅಂಗುಲದ ಪಟ್ಟಿ ಇಟ್ಟು ಹೊಲಿಗೆ ಎಣಿಸುತ್ತಾರೆ. ಅಂಗುಲಕ್ಕೆ ಹತ್ತು ಇದ್ದರೆ ತಲೆಯಾಡಿಸುತ್ತಾರೆ. ಮೂವತ್ತು ವರ್ಷದಿಂದ ಎಲ್ಫ್ರೀಡಾಳ ಹೊಲಿಗೆ ಹತ್ತು, ಕೆಲವೊಮ್ಮೆ ಹನ್ನೊಂದು. ಮೂಲೆಯ ಕುರ್ಚಿ ಅವಳದು, ಏಕೆಂದರೆ ಮೂಲೆಯೇ ಕಷ್ಟ. ಎದುರಿಗೆ ಅವಳ ನಾದಿನಿ ಸುಸಾನಾ ಫ್ರೀಸನ್, ಕಾರ್ನಿಯ ತಂಗಿ, ಅಣ್ಣನಷ್ಟೇ ಮಿತಭಾಷಿ. ಅವಳ ಪಕ್ಕದಲ್ಲಿ ಮಿಲ್ಲಿ ಟೋವ್ಸ್, ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವವಳು. ಉಳಿದ ಮೂವರು ಆಗಲೇ ಬಗ್ಗಿ ಕೂತಿದ್ದರು. ಎರಡಂತಸ್ತಿನ ಬನ್ನುಗಳು, ಸಕ್ಕರೆ ಗಟ್ಟಿ, ಕಾಫಿಯ ಕುದಿಪಾತ್ರೆ, ಎಲ್ಲ ಅಡುಗೆಕೋಣೆಯಿಂದ ತಿಂಡಿ ನೀಡುವ ಕಿಂಡಿಯ ಕಟ್ಟೆಯ ಮೇಲೆ. ಎಲ್ಫ್ರೀಡಾಳ ಲೋಟದಲ್ಲಿ ಮಾತ್ರ ಬಿಸಿನೀರು. ಅದನ್ನು ಯಾರು ಇಟ್ಟರೆಂದು ಯಾರೂ ಹೇಳುವುದಿಲ್ಲ.

ಕಾರ್ನಿ ಹೊಲಕ್ಕೆ ಇಳಿದನೇ ಎಂದು ಮಿಲ್ಲಿ ಕೇಳಿದಳು. ನೆಲ ಇನ್ನೂ ತಣ್ಣಗಿದೆಯಂತೆ ಎಂದಳು ಎಲ್ಫ್ರೀಡಾ.

"ನಮ್ಮೋನು ದಿನಾ ಬೆಳಿಗ್ಗೆ ಹೋಗಿ ಮಣ್ಣು ಕೈಲಿ ಹಿಡ್ಕೊಂಡು ಮೂಸಿ ನೋಡ್ತಾನೆ" ಎಂದಳು ಮಿಲ್ಲಿ. "ಹೆಂಡ್ತೀನ ಹಾಗೆ ಮೂಸಿ ಹತ್ತು ವರ್ಷ ಆಯ್ತು."

"ನಿನ್ನ ಬಾಯಿ ಹೊಲಿಯೋಕೆ ಒಂದು ಗೇಣು ದಾರ ಸಾಕು ಮಿಲ್ಲಿ. ಚರ್ಚ್ ಕಣೇ ಇದು" ಎಂದಳು ಸುಸಾನಾ, ತಲೆ ಎತ್ತದೆ.

"ಕೆಳಗಡೆ ತಾನೇ. ಚರ್ಚು ಮೇಲಿದೆ."

ಎಲ್ಲರೂ ನಕ್ಕರು. ಎಲ್ಫ್ರೀಡಾ ಎಲ್ಲರ ಜೊತೆಗೆ ತುಟಿ ಅಗಲಿಸಿ, ಒಂದು ಕ್ಷಣ ತಡವಾಯಿತೇನೋ ಎಂದುಕೊಂಡಳು. ದಾರ ಪೋಣಿಸಿಟ್ಟ ಸೂಜಿಗಳು ಅವಳ ಮುಂದಿನ ಬಟ್ಟೆಯಲ್ಲಿ ಸಾಲಾಗಿ ಚುಚ್ಚಿದ್ದವು. ಅದನ್ನೂ ಯಾರು ಮಾಡಿದರೆಂದು ಯಾರೂ ಹೇಳುವುದಿಲ್ಲ. ಸೂಜಿ ಒತ್ತುವ ಬೆರಳಿಗೆ ಲೋಹದ ಟೊಪ್ಪಿ ಹಾಕಿಕೊಂಡು, ಎಡಗೈಯನ್ನು ಚೌಕಟ್ಟಿನ ಅಡಿಗೆ ತೂರಿಸಿದಳು. ಈ ಕೆಲಸದ ಗುಟ್ಟೆಲ್ಲ ಆ ಕೆಳಗಿನ ಕೈಯಲ್ಲಿದೆ. ಮೇಲಿನಿಂದ ಇಳಿದ ಸೂಜಿಯ ಮೊನೆ ಕೆಳಗಿನ ಬೆರಳ ತುದಿಯನ್ನು ಇಷ್ಟೇ ಇಷ್ಟು ಮುಟ್ಟಬೇಕು. ಮುಟ್ಟಿದೊಡನೆ ಮೇಲಕ್ಕೆ ತಿರುಗಿಸಬೇಕು. ಆಗ ಮೂರೂ ಪದರ ಸೇರುತ್ತವೆ. ಆ ಬೆರಳು ಏನೂ ಹೇಳದಿದ್ದರೆ ಸೂಜಿ ನಡುವಿನ ಹತ್ತಿಯಲ್ಲೇ ತಿರುಗಿ ವಾಪಸಾಗಬಹುದು, ಇಲ್ಲವೇ ಬೆರಳಿನೊಳಕ್ಕೇ ಇಳಿಯಬಹುದು. ಕಳೆದ ವಾರ ಹಾಗೆ ಇಳಿದಿತ್ತು. ಅವಳಿಗೆ ಗೊತ್ತಾದದ್ದು ನಕ್ಷತ್ರದ ಬಿಳಿ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಕಂಡಾಗ. ತನ್ನ ರಕ್ತಕ್ಕೆ ತನ್ನ ಎಂಜಲೇ ಮದ್ದು ಎಂದು ಹೊಲಿಯುವ ಹೆಂಗಸರಿಗೆಲ್ಲ ಗೊತ್ತು. ಎಲ್ಲರೂ ಕಾಫಿಗೆ ಎದ್ದಾಗ ಅವಳು ಬಗ್ಗಿ, ಬೆರಳಿಗೆ ಉಗುಳು ತಾಗಿಸಿ ಉಜ್ಜಿದ್ದಳು. ಕೀಮೋ ಇಳಿದ ಮೈಯ ಎಂಜಲಿಗೆ ಆ ಶಕ್ತಿ ಇಲ್ಲವೋ ಏನೋ, ತಿಳಿ ಕಂದು ಕಲೆ ಉಳಿದಿತ್ತು. ಬಟ್ಟೆಯ ಮೇಲೆ, ಅಲ್ಲಿ ಹಾದಿದ್ದ ಹೊಲಿಗೆಯ ದಾರದ ಮೇಲೆ.

ಈಗ ಅವಳು ಆ ಮೂಲೆಯನ್ನು ಹುಡುಕಿದಳು. ಕಲೆ ಅಲ್ಲೇ ಇತ್ತು. ಅದನ್ನು ದಾಟಿ ಹೋಗುವ ದಾರ ಬೆಳ್ಳಗಿತ್ತು.

ಅವಳು ತಲೆಯನ್ನು ಸ್ವಲ್ಪ ಓರೆ ಮಾಡಿ ಬೆಳಕು ಬೀಳುವಂತೆ ನೋಡಿದಳು. ಕಲೆಯ ಮೇಲೆ ಸಣ್ಣಗೆ, ಸಮವಾಗಿ ಹೊಲಿಗೆ ನಡೆದಿತ್ತು. ಎಣಿಸಿದಳು. ಅಂಗುಲಕ್ಕೆ ಒಂಬತ್ತು. ಒಂಬತ್ತು ಸುಸಾನಾಳದು, ಯಾವಾಗಲೂ ಒಂಬತ್ತು, ಹತ್ತಕ್ಕೆ ಏರದ್ದು ಅವಳ ಹಳೆಯ ಕೊರಗು. ಎಲ್ಫ್ರೀಡಾಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸುತ್ತದೆಯೇ ಎಂದು ಕಾದಳು. ಮಿಲ್ಲಿ ಯಾರದೋ ಹಸುವಿನ ವಿಷಯ ಹೇಳುತ್ತಿದ್ದಳು. ಹಿಂದೆ ನೇತಾ ತಾಂತೆ ಕೂರುತ್ತಿದ್ದುದೂ ಮೂಲೆಯ ಕುರ್ಚಿಯಲ್ಲೇ, ಎದುರಿನ ಮೂಲೆ. ಊರಿನ ಎಲ್ಲರಿಗಿಂತ ಹಿರಿಯಳಾದ್ದರಿಂದ ಎಲ್ಲರಿಗೂ ತಾಂತೆ, ಚಿಕ್ಕಮ್ಮ. ಅವಳ ಕೈ ನಡುಗತೊಡಗಿದ ಮೇಲೆ ಹೊಲಿಗೆ ಕೋಳಿ ಕೆದರಿದ ಹಾಗೆ ಬೀಳುತ್ತಿತ್ತು. ಹನ್ನೆರಡಕ್ಕೆ ಅವಳ ಮಗ ಬಂದು ಕರೆದುಕೊಂಡು ಹೋಗುತ್ತಿದ್ದ. ಕಾರಿನ ಸದ್ದು ದೂರವಾದ ಮೇಲೆ ಯಾರೂ ಯಾರಿಗೂ ಹೇಳದೆ, ಎಲ್ಫ್ರೀಡಾ ಸಣ್ಣ ಕತ್ತರಿ ತೆಗೆಯುತ್ತಿದ್ದಳು. ಬಟ್ಟೆಗೆ ಪೆಟ್ಟಾಗದಂತೆ ಬಿಚ್ಚುವುದರಲ್ಲಿ ಅವಳಷ್ಟು ಚುರುಕು ಬೇರೆ ಯಾರೂ ಇರಲಿಲ್ಲ: ನಾಲ್ಕು ಹೊಲಿಗೆಗೊಂದು ಕಡೆ ಕತ್ತರಿಸಿ, ಹಿಂಬದಿಯಿಂದ ಎಳೆದರೆ ದಾರ ಇಡಿಯಾಗಿ ಬರುತ್ತದೆ. ಏಳು ವರ್ಷ ಹಾಗೆ ನಡೆಯಿತು. ಯಾರೂ ಆ ಬಗ್ಗೆ ಮಾತಾಡಿರಲಿಲ್ಲ. ಮಾತಾಡದಿರುವುದೇ ಮುದುಕಿಗೆ ತೋರುವ ಕರುಣೆ ಎಂದು ತಿಳಿದಿದ್ದರು.

ಒಂದು ಮಂಗಳವಾರ ನೇತಾ ತಾಂತೆ ಮೆಟ್ಟಿಲಿಳಿದು ವಾಪಸು ಬಂದಳು. ಕನ್ನಡಕ ಮರೆತಿದ್ದಳು. ಆ ಹೊತ್ತಿಗೆ ಎಲ್ಫ್ರೀಡಾಳ ಎಡಗೈಯಲ್ಲಿ ಬಿಚ್ಚಿದ ದಾರದ ಉಂಡೆ, ಬಲಗೈಯಲ್ಲಿ ಕತ್ತರಿ. ಕನ್ನಡಕವಿಲ್ಲದೆ ಅವಳಿಗೆ ಅಷ್ಟು ದೂರ ಕಾಣುವುದಿಲ್ಲ ಎಂದು ಆಮೇಲೆ ಎಲ್ಲರೂ ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡಿರಬೇಕು. ಎಲ್ಫ್ರೀಡಾ ಅಂದು ಮಾಡಿದ್ದು ಒಂದೇ: ಕಣ್ಣು ಕೆಳಗೆ ಹಾಕಿದ್ದು. ಮುಂದಿನ ವಾರ ನೇತಾ ತಾಂತೆ ಹಾಗೇ ಬಂದು ಕೂತು, ಹಾಗೇ ಹೊಲಿದು, ಹಾಗೇ ಹೋದಳು. ಅವಳು ಸತ್ತು ಹನ್ನೊಂದು ವರ್ಷವಾಯಿತು. ಅವಳು ನೋಡಿದ್ದಳೇ ಎಂಬ ಪ್ರಶ್ನೆ ಇಷ್ಟು ವರ್ಷ ಎಲ್ಫ್ರೀಡಾಳನ್ನು ಆಗೀಗ ಕಾಡುತ್ತಿತ್ತು, ಕಾಲಲ್ಲಿ ಮುರಿದ ಮುಳ್ಳಿನ ಹಾಗೆ. ಈಗ ಕಲೆಯ ಮೇಲಿನ ಬಿಳಿ ದಾರ ನೋಡುತ್ತ, ನೇತಾ ತಾಂತೆಗೆ ಮೊದಲ ದಿನದಿಂದಲೇ ತಿಳಿದಿರಬೇಕು ಅನ್ನಿಸಿತು. ಮುಂದಿನ ಮಂಗಳವಾರ ತನ್ನ ಮೂಲೆ ತಾನು ಬಿಟ್ಟ ಹಾಗಿಲ್ಲ ಎಂದು ಯಾವ ಹೆಂಗಸಿಗೆ ತಿಳಿಯುವುದಿಲ್ಲ? ತಿಳಿದೂ ಬಂದು ಕೂತಿದ್ದಳು. ಎಲ್ಫ್ರೀಡಾ ಸೂಜಿ ತೆಗೆದುಕೊಂಡು, ಸೀಮೆಸುಣ್ಣದ ಗೆರೆಯ ಮೇಲೆ ಹೊಲಿಯತೊಡಗಿದಳು. ಒಂದು, ಎರಡು. ಕಳೆದ ವಾರ ಕೈ ಬಹಳ ಕೆಟ್ಟಿತ್ತು, ಆ ಒಂದು ವಾರ ಬಿಚ್ಚಿರಬಹುದು. ಮೂರು. ಮೂಗಿನ ತುದಿಯಿಂದ ಒಂದು ಹನಿ ಬಟ್ಟೆಯ ಮೇಲೆ ಬಿತ್ತು. ಅಳುವಲ್ಲ, ಮೂಗಿನ ಕೂದಲೆಲ್ಲ ಉದುರಿದ ಮೇಲೆ ಹೀಗೇ, ಹೇಳದೆ ಕೇಳದೆ ಸೋರುತ್ತದೆ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಗೋಡೆಯ ಫೋನು ಬಡಿದುಕೊಂಡಿತು. ಕಿಂಡಿಯ ಪಕ್ಕದಲ್ಲಿ, ಉದ್ದ ಸುರುಳಿ ತಂತಿಯ ಹಳೆಯ ಫೋನು. ಮಂಗಳವಾರ ತಾನು ಎಲ್ಲಿರುತ್ತೇನೆಂದು ಎಲ್ಫ್ರೀಡಾಳೇ ಈ ನಂಬರು ಕೊಟ್ಟಿದ್ದಳು. ಹತ್ತಿರ ಕೂತಿದ್ದ ಸುಸಾನಾ ಎದ್ದು ತೆಗೆದು, "ಜೋಲೀನ್, ನಿನಗೆ" ಎಂದು ತಂತಿಯನ್ನು ಎಳೆದು ಕೊಟ್ಟಳು. ಎಲ್ಫ್ರೀಡಾ ಕಿಂಡಿಗೆ ಒರಗಿ ನಿಂತು, ಕೈಯಿಂದ ಜಾರದಂತೆ ಅದನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು. ಜ್ವರ ಇಲ್ಲ. ಹುಣ್ಣು ಎರಡು, ಉಪ್ಪುನೀರಿನಲ್ಲಿ ತೊಳೆಯುತ್ತಿದ್ದೇನೆ. ಭೇದಿ ಎಷ್ಟು ಸಲ ಎಂಬ ಪ್ರಶ್ನೆ ಬರುತ್ತದೆಂದು ಎಲ್ಲರಿಗೂ ಗೊತ್ತಿದ್ದ ಹಾಗೆ ಮಿಲ್ಲಿಯ ಧ್ವನಿ ಇದ್ದಕ್ಕಿದ್ದಂತೆ ಏರಿತು. ಆ ಹಸು ಮತ್ತೆ ಬೇಲಿ ಹಾರಿತು. ನಾಲ್ಕು ಸಲ, ಎಂದಳು ಎಲ್ಫ್ರೀಡಾ. ಐದು. ಹೋದ ಭಾನುವಾರ ಇದೇ ಚರ್ಚಿನಲ್ಲಿ, ಮೂರನೆಯ ಹಾಡಿಗೆ ಎದ್ದು ನಿಂತಾಗ ಆದದ್ದನ್ನು ಅವಳು ಎಣಿಸಿರಲಿಲ್ಲ. ಪಕ್ಕದ ಬಾಗಿಲಿಂದ ಹೊರಗೆ ಹೋಗಿ, ಕಾರಿನ ಹಿಂದಿನ ಸೀಟಿನಲ್ಲಿ ಕಾರ್ನಿಯ ಹೊಲದ ಪ್ಯಾಂಟು ತೊಟ್ಟು, ಲಂಗವನ್ನು ಬೀಜದ ಚೀಲದಲ್ಲಿ ಸುತ್ತಿ, ಜನ ಹೊರಗೆ ಬರುವ ತನಕ ತಲೆ ತಗ್ಗಿಸಿ ಕೂತಿದ್ದಳು. ಆಗಲೂ ಏನೂ ಅನ್ನಿಸಿರಲಿಲ್ಲ. ಚೀಲದ ಮೇಲೆ ಅಚ್ಚಾಗಿದ್ದ ಸೂರ್ಯಕಾಂತಿಯ ದಳಗಳನ್ನು ನೋಡುತ್ತ ಕೂತಿದ್ದಳು.

"ಬೆರಳು ಹೇಗಿದೆ ಮಿಸೆಸ್ ಹಾರ್ಡರ್?" ಎಂದಳು ಜೋಲೀನ್. ಎಂಟು ವರ್ಷದವಳಿದ್ದಾಗ ಇವಳು ಎಲ್ಫ್ರೀಡಾಳ ಭಾನುವಾರದ ಪಾಠಕ್ಕೆ ಬರುತ್ತಿದ್ದಳು, ಈಗಲೂ ಅದೇ ಎಚ್ಚರದ ಧ್ವನಿ. "ಗುಂಡಿಗಿಂಡಿ ಕಷ್ಟ ಆಗ್ತಿದೆಯಾ?"

ಮಿಲ್ಲಿಯ ಹಸು ಆ ಹೊತ್ತಿಗೆ ಸರಿಯಾಗಿ ಮನೆ ಸೇರಿತ್ತು. ನೆಲಮಾಳಿಗೆಯಲ್ಲಿ ಕಾಫಿ ಪಾತ್ರೆಯ ಗುಸುಗುಸು ಬಿಟ್ಟರೆ ಸದ್ದಿರಲಿಲ್ಲ.

"ಗುಂಡಿ ಎಲ್ಲಾ ಹಾಕಿದೆ" ಎಂದಳು ಎಲ್ಫ್ರೀಡಾ.

"ಒಳ್ಳೇದಾಯ್ತು. ಹೊಲಿಗೆ ನಡೀತಿದೆಯಾ?"

"ಕೌದಿ ಮುಂದೇನೇ ಇದೀನಿ."

ಎರಡೂ ನಿಜ. ಮಾತು ಮುಗಿಯುತ್ತಿದ್ದಂತೆ ಅವಳು ತಲೆ ಎತ್ತಿದಳು. ಐದು ಸೂಜಿಗಳು ನಿಂತಿದ್ದವು. ಸುಸಾನಾ ಅವಳನ್ನೇ ನೋಡುತ್ತಿದ್ದವಳು, ಕಣ್ಣಿಗೆ ಕಣ್ಣು ಸಿಕ್ಕಿದ ತಕ್ಷಣ ರೆಪ್ಪೆ ಇಳಿಸಿ ಬಟ್ಟೆಯನ್ನು ನೋಡಿದಳು. ಆ ಇಳಿಸುವಿಕೆ ಎಲ್ಫ್ರೀಡಾಗೆ ಗೊತ್ತಿತ್ತು. ಒಳಗಿನಿಂದ ಗೊತ್ತಿತ್ತು, ಅದನ್ನು ಹೇಗೆ ಮಾಡುತ್ತಾರೆ, ಮಾಡುವಾಗ ಕುತ್ತಿಗೆಯ ಹಿಂದೆ ಎಲ್ಲಿ ಬಿಗಿಯುತ್ತದೆ ಎಂಬುದು ಸಹ. ಹೊರಗಿನಿಂದ ನೋಡಿದ್ದು ಇದೇ ಮೊದಲು. ಅಂದು ಕನ್ನಡಕಕ್ಕಾಗಿ ಕೈಚಾಚಿ ಮೆಟ್ಟಿಲ ಬುಡದಲ್ಲಿ ನಿಂತ ನೇತಾ ತಾಂತೆಗೆ ಕಂಡದ್ದು ಇದು. ಇವರು ಹೇಳುವುದಿಲ್ಲ. ಮುಂದಿನ ಮಂಗಳವಾರವೂ ಸೂಜಿಗೆ ದಾರ ಪೋಣಿಸಿಟ್ಟಿರುತ್ತಾರೆ, ಬಿಸಿನೀರು ಇಟ್ಟಿರುತ್ತಾರೆ, ಅವಳು ಹೋದ ಮೇಲೆ ಬಿಚ್ಚುತ್ತಾರೆ. ಹನ್ನೆರಡನೆಯ ಸುತ್ತಿನವರೆಗೂ, ಬೆರಳುಗಳು ಪೂರ್ತಿ ಕಲ್ಲಾಗುವವರೆಗೂ, ಪ್ರೀತಿಯಿಂದಲೇ, ಹೇಳುವುದಿಲ್ಲ. ನಾಳೆ ಎಂಟೂವರೆಗೆ ಬನ್ನಿ ಎಂದು ಜೋಲೀನ್ ಹೇಳುತ್ತಿದ್ದಳು. ಆರು ನೀಲಿ ಮುಖಗಳು. ಆರರಲ್ಲಿ ತನ್ನದು ಯಾವುದು ಎಂದು ಅವಳು ಈವರೆಗೆ ನಿರ್ಧರಿಸಿರಲಿಲ್ಲ.

"ಒಂದು ನಿಮಿಷ ಇರಮ್ಮ" ಎಂದಳು. ಎರಡೂ ಕೈಯಿಂದ ಫೋನನ್ನು ಭುಜದಿಂದ ತೆಗೆದು, ಕೌದಿಯ ಮೇಲಿಂದ ಸುಸಾನಾಳ ಕಡೆ ಚಾಚಿದಳು. ತಂತಿಯ ಸುರುಳಿ ನಕ್ಷತ್ರಗಳ ಮೇಲೆ ತೂಗಾಡಿತು. "ತಗೋ. ನೀನು ಹೇಳು."

"ಏನು ಹೇಳ್ಲಿ?"

"ಎಷ್ಟು ಬಿಚ್ಚಿದೀಯ ಅಂತ."

ಸುಸಾನಾ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ಕಿವಿಗೆ ಹಿಡಿದಳು. ಆಮೇಲೆ, ಕೌದಿಯ ಅಳತೆ ಹೇಳುವ ಧ್ವನಿಯಲ್ಲಿ ಹೇಳಿದಳು.

"ಈಸ್ಟರ್‌ನಿಂದ. ಐದು ಮಂಗಳವಾರ." ಆಚೆಯಿಂದ ಏನೋ ಪ್ರಶ್ನೆ ಬಂತು. "ಇಲ್ಲಮ್ಮ, ಸ್ವಲ್ಪ ಅಲ್ಲ. ಎಲ್ಲಾ. ಅಂಗುಲಕ್ಕೆ ಮೂರು ಬೀಳತ್ತೆ, ಕೆಲವು ಕಡೆ ಎರಡು. ಎಷ್ಟೋ ಕಡೆ ಕೆಳಗಿನ ಬಟ್ಟೆಗೆ ಸೂಜಿ ಇಳಿದೇ ಇಲ್ಲ." ಮತ್ತೆ ಕೇಳಿಸಿಕೊಂಡಳು. "ಗುಂಡಿ ನಮ್ಮಣ್ಣ ಹಾಕ್ತಾನೆ."

ಐದು. ಎಲ್ಫ್ರೀಡಾ ಒಂದು ಎಂದುಕೊಂಡಿದ್ದಳು. ಐದು ಮಂಗಳವಾರ ಬೆಳಿಗ್ಗೆ ಎದ್ದು, ಬಿಸಿನೀರು ಕುಡಿದು, ಬಂದು ಇಲ್ಲಿ ಕೂತು ಮಾಡಿದ್ದರಲ್ಲಿ ಒಂದು ದಾರವೂ ಈ ಕೌದಿಯಲ್ಲಿಲ್ಲ. ಕಾರ್ನಿ ತಂಗಿಯ ಬಳಿ ಮಾತಾಡಿದ್ದಾನೆ. ಎಲ್ಲಿ ನಿಂತು ಹೇಳಿರಬಹುದು, ಎಷ್ಟು ಮಾತಿನಲ್ಲಿ? ಅವಳು ನಡೆದು ತನ್ನ ಕುರ್ಚಿಯಲ್ಲಿ ಕೂತಳು. ಸುಸಾನಾ ಫೋನನ್ನು ಗೋಡೆಗೆ ಸಿಕ್ಕಿಸಿ ಬಂದು, ಡಾಕ್ಟರನ್ನು ಕೇಳಿ ಜೋಲೀನ್ ಮಧ್ಯಾಹ್ನ ಮತ್ತೆ ಫೋನ್ ಮಾಡುತ್ತಾಳಂತೆ ಎಂದಳು. ನಾಳೆ ಬರಲೇಬೇಕಂತೆ. ಆದರೆ ಆ ಎರಡನೆಯ ಔಷಧಿಯ ಚೀಲ ಬಹುಶಃ ಕೊಡಲಿಕ್ಕಿಲ್ಲವಂತೆ. ಎಲ್ಫ್ರೀಡಾ ತಲೆಯಾಡಿಸಿದಳು. ಹಾಗಾದರೆ ನೀಲಿ ಇಲ್ಲ. ಹಸಿರೋ, ಹಳದಿಯೋ, ಅಥವಾ ಅವಳು ಎಣಿಸದೆ ಬಿಟ್ಟವುಗಳಲ್ಲಿ ಒಂದೋ. ಭಯವಾಗಬೇಕಾದ ಜಾಗದಲ್ಲಿ ಹುಡುಕಿದಳು. ಅಲ್ಲಿ ಸಣ್ಣಗೆ, ಬಹಳ ದೂರದಲ್ಲಿ, ಹೌದು, ಏನೋ ಒಂದು ಇತ್ತು.

ಬೆಳಿಗ್ಗೆಯಿಂದ ಅವಳು ಹೊಲಿದದ್ದು ಒಂದು ಗೇಣು ಉದ್ದವಿತ್ತು. ಕೋಳಿ ಕೆದರಿದ ಹಾಗೆ. ಅವಳು ಬುಟ್ಟಿಯಿಂದ ಸಣ್ಣ ಕತ್ತರಿ ತೆಗೆದು, ಬೆರಳು ಅದರ ಬಳೆಯೊಳಗೆ ಹೋಯಿತೇ ಎಂದು ಕಣ್ಣಿನಿಂದ ನೋಡಿ ಖಚಿತಮಾಡಿಕೊಂಡು, ಬಗ್ಗಿದಳು.

"ಬಿಡು, ಆಮೇಲೆ ನಾನು ಮಾಡ್ತೀನಿ" ಎಂದಳು ಸುಸಾನಾ.

"ನಾನಿರುವಾಗಲೇ ಆಗ್ಲಿ" ಎಂದಳು ಎಲ್ಫ್ರೀಡಾ. "ಬಿಚ್ಚೋದಕ್ಕೆ ಕಣ್ಣು ಸಾಕು."

ಈ ಸಲ ಯಾರೂ ಕಣ್ಣು ಕೆಳಗೆ ಹಾಕಲಿಲ್ಲ. ಆರು ಜನರೂ ಆ ಮೂಲೆಯನ್ನೇ ನೋಡುತ್ತಿದ್ದರು. ಅವಳು ನಾಲ್ಕು ಹೊಲಿಗೆಗೊಂದು ಕಡೆ ಕತ್ತರಿಸಿದಳು. ಹಿಂಬದಿಯ ಎಳೆ ಬೆರಳಿಗೆ ಸಿಗಲಿಲ್ಲ. ಮಿಲ್ಲಿ ಚೌಕಟ್ಟಿನ ಅಡಿಗೆ ಬಗ್ಗಿ, ತುದಿ ಹಿಡಿದು ಎಳೆದಳು. ದಾರ ಇಡಿಯಾಗಿ ಬಂತು. ಬಟ್ಟೆಯ ಮೇಲೆ ಸಣ್ಣ ಸಣ್ಣ ತೂತುಗಳ ಸಾಲು ಉಳಿಯಿತು, ಒಂದಕ್ಕೊಂದು ದೂರ ದೂರ. ಮೊದಲ ಸಲ ನೀರಿಗೆ ಹಾಕಿದಾಗ ಅವು ಮುಚ್ಚಿಹೋಗುತ್ತವೆ, ಹಿಂದೆ ಎಷ್ಟೋ ಸಲ ಅವಳೇ ನೋಡಿದ್ದಳು.